ಗಲ್ಲಾಪೆಟ್ಟಿಗೆಯೂ ಗಣಕಯಂತ್ರವೂ

ಲೋಕದಲ್ಲಿ ಕೆಲವು ಜೋಡಿಗಳುಂಟು. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಗೆ ದಿನ ಸಾಗದು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ರುಚಿಸದು. ಅತ್ತೆ ಸೊಸೆಯರ ಸಂಗತಿ ಎಲ್ಲರಿಗೂ ತಿಳಿದದ್ದೇ. ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳನ್ನು ಒಳಗಿನಿಂದ ಕಂಡವರಿಗೆ ಮತ್ತೊಂದು ಜೋಡಿಯೂ ಪರಿಚಿತವಾಗಿರುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಯಜಮಾನರು ಒಬ್ಬರು. ಒಳಗೆ ಒಲೆಯ ಮುಂದೆ ನಿಂತ ಅಡಿಗೆಯ ಭಟ್ಟರು ಇನ್ನೊಬ್ಬರು. ಬೆಳಗಿನ ಎಂಟು ಗಂಟೆಗೆ ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿರುವಾಗ ಯಜಮಾನರ ಕಣ್ಣಿಗೆ ಬೀಳುವುದು ಕೈತಪ್ಪಿ ಹೋಗುತ್ತಿರುವ ವ್ಯಾಪಾರ. ಭಟ್ಟರ ಕಣ್ಣಿಗೆ ಬೀಳುವುದಾದರೋ ಇನ್ನೂ ಬೇಯದ ಇಡ್ಲಿ. "ಭಟ್ರೆ, ಇನ್ನೆಷ್ಟು ಹೊತ್ತು ಮಾರಾಯ್ರೆ?" ಎಂದು ಹೊರಗಿನ ಕೂಗು. "ಆವಿ ಬರ್ಬೇಡ್ವಾ ಶೆಟ್ರೆ?" ಎಂದು ಒಳಗಿನ ಉತ್ತರ. ಇಬ್ಬರ ಮಾತೂ ನಿಜವೇ. ಇಬ್ಬರೂ ನಿಜವನ್ನೇ ಆಡುತ್ತಿರುವಾಗ ಹುಟ್ಟುವ ಜಗಳವು ಬೇಗನೆ ತೀರುವಂಥದಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಜೋಡಿಯ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಇಂದಿನ ದೊಡ್ಡ ಸಂಸ್ಥೆಗಳಲ್ಲೆಲ್ಲ ಇಂಥದೇ ಒಂದು ಜೋಡಿ ನೆಲೆಯೂರಿದೆ. ವ್ಯವಹಾರವನ್ನು ನಡೆಸುವ ಅಧಿಕಾರಿಗಳು ಒಂದು ಕಡೆ; ಆ ವ್ಯವಹಾರದ ಲೆಕ್ಕ, ಪತ್ರ, ಮಾಹಿತಿಗಳನ್ನು ಗಣಕಯಂತ್ರಗಳಲ್ಲಿ ಹಿಡಿದಿಟ್ಟು ಕೊಡುವ ವ್ಯವಸ್ಥಾಪಕರು ಇನ್ನೊಂದು ಕಡೆ. ಬ್ಯಾಂಕು, ರೈಲ್ವೆ, ಆಸ್ಪತ್ರೆ, ವಿಮಾ ಸಂಸ್ಥೆ, ಯಾವುದನ್ನೇ ನೋಡಿರಿ, ಈ ಇಬ್ಬರ ಸಂಬಂಧ ನೆಟ್ಟಗಿದ್ದರೆ ಕೆಲಸ ನೆಟ್ಟಗಿರುತ್ತದೆ. ಅದು ಕೆಟ್ಟರೆ ಕಿಟಕಿಯ ಮುಂದೆ ನಿಂತ ಸಾಮಾನ್ಯರಿಗೆ ತೊಂದರೆ. ಇನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ನಿಮ್ಮಲ್ಲಿ ಕೆಲವರು ಮೊದಲನೆಯ ಕಡೆ, ಕೆಲವರು ಎರಡನೆಯ ಕಡೆ ಕುಳಿತುಕೊಳ್ಳುವಿರಿ. ಉಳಿದವರೆಲ್ಲ ಹೇಗೂ ಕಿಟಕಿಯ ಮುಂದೆ ನಿಲ್ಲುವಿರಿ. ಆದುದರಿಂದ ಈ ವಿಷಯವು ಯಾರಿಗೂ ಹೊರಗಿನದಲ್ಲ.

ಮೊದಲು ಈ ಮನಸ್ತಾಪದ ಮೂಲವನ್ನು ವಿಚಾರಿಸೋಣ. ಕಚೇರಿಗಳಿಗೆ ಗಣಕಯಂತ್ರವು ಕಾಲಿಟ್ಟುದು ಗುಮಾಸ್ತನ ಕೆಲಸವನ್ನು ಮಾಡಲಿಕ್ಕಾಗಿ. ಸಂಬಳದ ಪಟ್ಟಿ, ಖಾತೆ ಕಿರ್ದಿ, ಬಿಲ್ಲು ಇವೇ ಅದಕ್ಕೆ ಒಪ್ಪಿಸಿದ ಮೊದಲ ಕೆಲಸಗಳು. ಆದುದರಿಂದ ಯಂತ್ರವನ್ನು ನೋಡಿಕೊಳ್ಳುವವನು ಬಹುತೇಕ ಕಡೆಗಳಲ್ಲಿ ಲೆಕ್ಕಪತ್ರದ ಮುಖ್ಯಸ್ಥರ ಕೈಕೆಳಗಿನವನಾದನು. ಮುಖ್ಯಸ್ಥರ ದೃಷ್ಟಿಯಲ್ಲಿ ಅವನ ವಿಭಾಗವು ಖರ್ಚಿನ ಬಾಬು. ನಮ್ಮ ದೇಶದ ಬ್ಯಾಂಕುಗಳ ಕಥೆಯನ್ನೇ ನೋಡಿ. ನೌಕರ ಸಂಘಗಳೊಡನೆ 1983ರಲ್ಲಿ ಒಪ್ಪಂದವಾದ ಮೇಲೆ ಶಾಖೆಗಳಿಗೆ ಯಂತ್ರಗಳು ಬಂದುವು. ಅವಕ್ಕೆ ಇಟ್ಟ ಹೆಸರು 'ಲೆಜರ್ ಪೋಸ್ಟಿಂಗ್ ಯಂತ್ರ' ಎಂಬುದು. ಖಾತೆಪುಸ್ತಕ ಬರೆಯುವ ಯಂತ್ರ, ಅಷ್ಟೆ. ನೌಕರರ ಅಂಜಿಕೆಯನ್ನು ನೋಡಿಕೊಂಡು ಇಟ್ಟ ಹೆಸರಾದರೂ ಅದರಲ್ಲಿ ಒಂದು ಕಾಲದ ಭಾವನೆಯೆಲ್ಲ ಅಡಗಿದೆ. ಗುಮಾಸ್ತನೊಡನೆ ಯಾವ ಧಣಿ ಆಲೋಚನೆ ಕೇಳುತ್ತಾನೆ?

ಆದರೆ 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂಬ ಗಾದೆ ಸುಳ್ಳಾಗಲಿಲ್ಲ. ಬರೆಬರೆಯುತ್ತ ಯಂತ್ರವು ಗುಮಾಸ್ತನ ಮೇಜಿನಿಂದೆದ್ದು ಸಂಸ್ಥೆಯ ನರನಾಡಿಗಳನ್ನೆಲ್ಲ ವ್ಯಾಪಿಸಿತು. 1980ರ ಸುಮಾರಿಗೆ ಅಮೆರಿಕದಲ್ಲಿ 'ಮುಖ್ಯ ಮಾಹಿತಿ ಅಧಿಕಾರಿ' ಎಂಬ ಹೊಸ ಪದವಿಯ ಮಾತು ಕೇಳಿಬಂದಿತು. ಹೆಸರೇನೋ ದೊಡ್ಡದಾಯಿತು. ಆದರೂ ಹಳೆಯ ಅಭ್ಯಾಸಗಳು ಹೋಗಲಿಲ್ಲ. ಅಧಿಕಾರಿಗಳು, "ಇವರು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವುದಿಲ್ಲ, ಹಣ ಕೇಳುತ್ತಾರೆ, ಅವಧಿ ಕೇಳುತ್ತಾರೆ, ಕೊನೆಗೆ ಕೊಡುವುದು ಬೇರೆಯೇ ಏನನ್ನೋ" ಎನ್ನುವರು. ಮಾಹಿತಿಯವರು, "ಇವರಿಗೆ ಬೇಕಾದುದೇನೆಂದು ಇವರಿಗೇ ಗೊತ್ತಿಲ್ಲ, ನಡೆದರೆ ನಮ್ಮ ನೆನಪಿಲ್ಲ, ನಿಂತರೆ ನಮ್ಮ ಮೇಲೆ ಸಿಟ್ಟು" ಎನ್ನುವರು. ಇಬ್ಬರೂ ಹೇಳುವುದು ಬಹುಮಟ್ಟಿಗೆ ನಿಜವೆ.

ಈ ಇಬ್ಬರು ಒಂದೇ ಮೇಜಿನ ಸುತ್ತ ಕುಳಿತರೆ ಏನಾಗುತ್ತದೆಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವುಂಟು. ಅದು ಚಹದ ಅಂಗಡಿಯ ಕಥೆಯಾದುದರಿಂದ ನಮ್ಮ ಶಾಲೆಯ ಮಕ್ಕಳಿಗೆ ಹೆಚ್ಚು ಹತ್ತಿರವಾಗಬಹುದು. ಲಂಡನ್ನಿನಲ್ಲಿ ಜೆ. ಲಯನ್ಸ್ ಎಂಬ ಕಂಪೆನಿ ಇದ್ದಿತು. 1894ರಲ್ಲಿ ಪಿಕಡಿಲಿ ಎಂಬಲ್ಲಿ ಅದರ ಮೊದಲನೆಯ ಚಹದ ಅಂಗಡಿ ತೆರೆಯಿತು. ಕ್ರಮೇಣ ದೇಶದ ತುಂಬ ಅದರ ಅಂಗಡಿಗಳಾದುವು. ಚಹ, ರೊಟ್ಟಿ, ಕೇಕು, ಕಡುಬುಗಳ ವ್ಯಾಪಾರದಲ್ಲಿ ಒಂದೊಂದು ಬಿಲ್ಲಿನಿಂದ ಬರುವ ಲಾಭ ಕಾಸಿನಷ್ಟು. ಬರೆಯಬೇಕಾದ ಲೆಕ್ಕವಾದರೋ ಬೆಟ್ಟದಷ್ಟು. ಹೋಟೆಲಿನ ಮನೆಗಳಿಂದ ಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಂಪೆನಿಯು 1923ರಲ್ಲಿ ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಓದಿದ ಜಾನ್ ಸಿಮನ್ಸ್ ಎಂಬಾತನನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವನು ಕಚೇರಿಯ ಕೆಲಸವನ್ನು ಹೇಗೆ ಸುಲಭಗೊಳಿಸಬಹುದೆಂದು ಪರಿಶೀಲಿಸುವುದಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದನು. 1947ರಲ್ಲಿ ಕಂಪೆನಿಯ ಥಾಂಪ್ಸನ್ ಮತ್ತು ಸ್ಟ್ಯಾಂಡಿಂಗ್‌ಫೋರ್ಡ್ ಎಂಬ ಇಬ್ಬರು ಅಧಿಕಾರಿಗಳು ಅಮೆರಿಕದ ಕಚೇರಿಗಳ ಪದ್ಧತಿಯನ್ನು ನೋಡಲು ಹೋದರು. ಅಲ್ಲಿ ಅವರ ಮನಸ್ಸನ್ನು ಸೆಳೆದುದು ಆಗತಾನೆ ಹುಟ್ಟಿದ್ದ ಗಣಕಯಂತ್ರ. ಲೆಕ್ಕಿಗರಿಗೂ ವಿಜ್ಞಾನಿಗಳಿಗೂ ಬೇಕಾದ ಈ ವಸ್ತುವನ್ನು ಚಹದ ಅಂಗಡಿಗೆ ಏಕೆ ತರಬಾರದು ಎಂಬ ವಿಚಾರ ಅವರಿಗೆ ಹೊಳೆಯಿತು. ಕೊಳ್ಳಬೇಕೆಂದರೆ ಅಂಥ ಯಂತ್ರವು ಯಾವ ಅಂಗಡಿಯಲ್ಲಿಯೂ ಸಿಕ್ಕುವಂತಿರಲಿಲ್ಲ. ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರು ಒಂದನ್ನು ಕಟ್ಟುತ್ತಿದ್ದರು. ಕಂಪೆನಿಯು ಅವರಿಗೆ ಹಣವನ್ನೂ ಒಬ್ಬ ಸಹಾಯಕನನ್ನೂ ಕೊಟ್ಟಿತು; ಅದಕ್ಕೆ ಪ್ರತಿಯಾಗಿ ಅವರ ವಿದ್ಯೆಯನ್ನು ಪಡೆದು, ಜಾನ್ ಪಿಂಕರ್ಟನ್ ಎಂಬ ಎಂಜಿನಿಯರನ ಕೈಯಲ್ಲಿ ತನ್ನದೇ ಯಂತ್ರವನ್ನು ಕಟ್ಟಿಸಿತು. ಅದಕ್ಕೆ 'ಲಿಯೋ' ಎಂದು ಹೆಸರಾಯಿತು. 1951ರ ನವೆಂಬರಿನಲ್ಲಿ ಅದು ಬೇಕರಿಯ ಮಾಲಿನ ಬೆಲೆಯ ಲೆಕ್ಕವನ್ನು ಮಾಡಲಾರಂಭಿಸಿತು. ವ್ಯಾಪಾರದ ನಿತ್ಯದ ಕೆಲಸಕ್ಕೆ ದುಡಿದ ಮೊದಲ ಗಣಕಯಂತ್ರವೆಂದು ಇಂದು ಅದನ್ನು ಹೊಗಳುವರು. ಮುಂದೆ ಅದಕ್ಕೆ ಸಂಬಳದ ಪಟ್ಟಿಯನ್ನು ಒಪ್ಪಿಸಿದಾಗ, ಗುಮಾಸ್ತನಿಗೆ ಸುಮಾರು 8 ನಿಮಿಷ ಹಿಡಿಯುತ್ತಿದ್ದ ಒಬ್ಬ ನೌಕರನ ಲೆಕ್ಕವನ್ನು ಅದು ಒಂದೂವರೆ ಸೆಕೆಂಡಿನಲ್ಲಿ ಮುಗಿಸಿತು.

ಆದರೆ ನಾವು ಮೆಚ್ಚಬೇಕಾದುದು ವೇಗವನ್ನಲ್ಲ. ಇಂದು ನಮ್ಮ ಜೇಬಿನ ದೂರವಾಣಿಯೇ ಅದಕ್ಕಿಂತ ಎಷ್ಟೋ ಪಾಲು ಚುರುಕು. ಮೆಚ್ಚಬೇಕಾದುದು ಜನರನ್ನು ಆಯ್ದ ಬಗೆಯನ್ನು. ಯಂತ್ರಕ್ಕೆ ಕೆಲಸವನ್ನು ವಿವರಿಸುವ ವಿಭಾಗದ ಮುಖ್ಯಸ್ಥನಾದ ಡೇವಿಡ್ ಕ್ಯಾಮಿನರ್ ಎಂಬವನು ಹೊರಗಿನಿಂದ ಬಂದವನಲ್ಲ. ಅದೇ ಕಂಪೆನಿಯಲ್ಲಿ 1936ರಲ್ಲಿ ಸೇರಿ ಕಚೇರಿಗಳ ಒಳಹೊರಗನ್ನೆಲ್ಲ ಬಲ್ಲವನು. ಅವನ ಕೈಕೆಳಗಿನ ಹಲವರೂ ಕಂಪೆನಿಯೊಳಗಿನವರೇ. ಐಸ್‌ಕ್ರೀಮ್ ಮಾರಾಟದ ಅಂಕಿ ಅಂಶಗಳನ್ನು ಬರೆಯುತ್ತಿದ್ದ ಒಬ್ಬ ತರುಣಿ, ಮುಂದೆ ಮೇರಿ ಕೂಂಬ್ಸ್ ಎಂದು ಹೆಸರಾದವಳು, 1952ರಲ್ಲಿ ಅಲ್ಲಿ ಕ್ರಮವಿಧಿಗಳನ್ನು ಬರೆಯಲು ಆರಂಭಿಸಿದಳು. ಅವಳು ಕಾಲೇಜಿನಲ್ಲಿ ಓದಿದ್ದು ಫ್ರೆಂಚ್ ಭಾಷೆಯನ್ನು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು. ಇವರಿಗೆ ಬೇಕರಿ ಯಾವುದು, ಮಾರಾಟ ಯಾವುದು, ಕೆಟ್ಟುಹೋಗುವ ಮಾಲು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತ ಸಿಮನ್ಸನಾದರೋ ಕಂಪೆನಿಯ ಲೆಕ್ಕ ಕಚೇರಿಗಳ ಹಿರಿಯ ಅಧಿಕಾರಿ; ಅವನಿಗೆ ಯಂತ್ರವೆಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಇದರ ಫಲವಾಗಿ ಏನಾಯಿತೆಂಬುದಕ್ಕೆ ಒಂದೇ ಉದಾಹರಣೆ ಸಾಕು. ನೂರಕ್ಕೂ ಮಿಕ್ಕ ಅಂಗಡಿಗಳಿಗೆ ಪ್ರತಿದಿನವೂ ಇಷ್ಟು ರೊಟ್ಟಿ, ಇಷ್ಟು ಕೇಕು ಎಂದು ಕಳುಹಿಸಬೇಕಾಗಿತ್ತು. ಎಲ್ಲ ಅಂಗಡಿಯವರೂ ಇಡೀ ಪಟ್ಟಿಯನ್ನು ದಿನವೂ ಬರೆದು ಕಳುಹಿಸಿದರೆ ಯಂತ್ರವು ಎಷ್ಟು ಚುರುಕಾಗಿದ್ದರೇನು, ಪಟ್ಟಿ ಬರೆಯುವವರ ಕೈ ಸೋಲುವುದು. ಅಂಗಡಿಯ ಮೇಲ್ವಿಚಾರಕಿಯರು ಸೋಮವಾರಕ್ಕೆ ಇಷ್ಟು, ಮಂಗಳವಾರಕ್ಕೆ ಇಷ್ಟು ಎಂದು ಒಂದು ಮಾಮೂಲು ಪಟ್ಟಿಯನ್ನು ಕೊಟ್ಟಿಟ್ಟರು. ದಿನದಿನವೂ ಹೆಚ್ಚು ಕಡಿಮೆಯಾಗುವುದನ್ನು ಮಾತ್ರ ದೂರವಾಣಿಯಲ್ಲಿ ತಿಳಿಸಿದರು. ಈ ಬದಲಾವಣೆಯಷ್ಟನ್ನೇ ಯಂತ್ರಕ್ಕೆ ಉಣಿಸಿದರೆ ಸಾಕಾಯಿತು. ಇಂಥ ಉಪಾಯವು ಯಂತ್ರವನ್ನು ಮಾತ್ರ ಬಲ್ಲವನಿಗೆ ಹೊಳೆಯುವುದಿಲ್ಲ, ಅಂಗಡಿಯನ್ನು ಮಾತ್ರ ಬಲ್ಲವನಿಗೂ ಹೊಳೆಯುವುದಿಲ್ಲ. ಇಬ್ಬರ ಅರಿವೂ ಸೇರಬೇಕು. ಲಿಯೋವನ್ನು ಮಾರುವ ಕಂಪೆನಿಯು 1963ರಲ್ಲಿ ಬೇರೊಂದರೊಡನೆ ಕೂಡಿಹೋಯಿತು. ಚಹದ ಅಂಗಡಿಗಳೂ ಇಂದು ಉಳಿದಿಲ್ಲ. ಸಂಬಂಧವೊಂದು ಸರಿಯಾಗಿದ್ದ ಮಾತ್ರಕ್ಕೆ ಸಂಸ್ಥೆಗಳು ಚಿರಂಜೀವಿಗಳಾಗುತ್ತವೆ ಎಂದು ನಾವು ಹೇಳುವುದಿಲ್ಲ. ಅವರು ಮಾಡಿದ ಕೆಲಸ ಮಾತ್ರ ಅಚ್ಚುಕಟ್ಟಾದುದು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ದೇಶದಿಂದಲೇ ದೊರೆಯುತ್ತದೆ. ಟಿ.ಎಸ್.ಬಿ. ಎಂಬ ಬ್ಯಾಂಕು ಲಾಯ್ಡ್ಸ್ ಬ್ಯಾಂಕಿನಿಂದ ಬೇರೆಯಾದ ಮೇಲೂ ಅದರ ಗಣಕ ವ್ಯವಸ್ಥೆಯನ್ನೇ ಬಾಡಿಗೆಗೆ ಬಳಸುತ್ತಿದ್ದಿತು. 2015ರಲ್ಲಿ ಸಬಡೆಲ್ ಎಂಬ ಸ್ಪೇನ್ ದೇಶದ ಬ್ಯಾಂಕು ಅದನ್ನು ಕೊಂಡುಕೊಂಡಿತು. ಎಲ್ಲ ಖಾತೆಗಳನ್ನೂ ತನ್ನ ಹೊಸ ವ್ಯವಸ್ಥೆಗೆ ಸಾಗಿಸಬೇಕೆಂದು ಹಟಹಿಡಿಯಿತು. 2018ರ ಏಪ್ರಿಲ್ ತಿಂಗಳ ಒಂದು ಶನಿವಾರ ಭಾನುವಾರಗಳಲ್ಲಿ 52 ಲಕ್ಷ ಗ್ರಾಹಕರ ಖಾತೆಗಳನ್ನು ಒಮ್ಮೆಗೇ ಸಾಗಿಸಿದರು. ಅಂಕಿಗಳೇನೋ ಕ್ಷೇಮವಾಗಿ ಹೋಗಿ ಸೇರಿದುವು. ಆದರೆ ಹೊಸ ಮನೆಯ ಬಾಗಿಲೇ ತೆರೆಯಲಿಲ್ಲ. ಒಂದು ಹಂತದಲ್ಲಿ 19 ಲಕ್ಷ ಜನರು ತಮ್ಮ ಹಣದ ಖಾತೆಯನ್ನು ಕಾಣದಂತಾದರು. ಕೆಲವರಿಗೆ ಬೇರೆಯವರ ಖಾತೆ ಕಂಡಿತು. ವ್ಯವಹಾರವು ಮೊದಲಿನ ಸ್ಥಿತಿಗೆ ಬರುವಾಗ ಡಿಸೆಂಬರ್ ಬಂದಿತು. ಮುಖ್ಯಾಧಿಕಾರಿ ಸೆಪ್ಟೆಂಬರಿನಲ್ಲೇ ಹುದ್ದೆ ಬಿಟ್ಟರು. 2022ರಲ್ಲಿ ಸರಕಾರದ ನಿಯಂತ್ರಕರು ಬ್ಯಾಂಕಿಗೆ ಸುಮಾರು 4 ಕೋಟಿ 86 ಲಕ್ಷ ಪೌಂಡು ದಂಡ ಹಾಕಿದರು.

ಏಕೆ ಹೀಗಾಯಿತೆಂದು ತನಿಖೆ ಮಾಡಿದ ವಕೀಲರು 2019ರಲ್ಲಿ ಒಪ್ಪಿಸಿದ ವರದಿಯಲ್ಲಿ ಹಲವು ಕಾರಣಗಳಿವೆ. ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಎತ್ತಿ ಹೇಳುತ್ತೇವೆ. ಮೊದಲನೆಯದು, ಮುಗಿಸಬೇಕಾದ ದಿನವನ್ನು ಮೊದಲು ಗೊತ್ತುಮಾಡಿ ಆಮೇಲೆ ಕೆಲಸವನ್ನು ಅದಕ್ಕೆ ಹೊಂದಿಸಿದ್ದು. ಇಡ್ಲಿ ಬೇಯುವ ಮುನ್ನವೇ ಎಲೆ ಹಾಕಿದಂತೆ. ಎರಡನೆಯದು, ಆಡಳಿತ ಮಂಡಲಿಯವರು ಕೇಳಬೇಕಾದ ಪ್ರಶ್ನೆಗಳನ್ನು ಕೇಳದಿದ್ದುದು. ಎರಡು ಗಣಕ ಕೇಂದ್ರಗಳಲ್ಲಿ ಒಂದನ್ನು ಮಾತ್ರ ಪರೀಕ್ಷೆ ಮಾಡಿದ್ದರು. "ಎರಡನ್ನೂ ನೋಡಿದಿರಾ?" ಎಂದು ಕೇಳುವುದಕ್ಕೆ ಯಾವ ಯಂತ್ರವಿದ್ಯೆಯೂ ಬೇಕಿಲ್ಲ, ನಮ್ಮ ಐದನೆಯ ತರಗತಿಯ ಮಗುವೂ ಕೇಳಬಹುದು. ಆದರೆ ದೊಡ್ಡವರು ಇಂಥ ಪ್ರಶ್ನೆಯನ್ನು ಕೇಳಲು ನಾಚುತ್ತಾರೆ, 'ಇಷ್ಟೂ ತಿಳಿಯದೆ' ಎಂದು ಯಾರಾದರೂ ಅಂದಾರೆಂದು. ಇತ್ತ ಮಾಹಿತಿ ವಿಭಾಗದ ಮುಖ್ಯಸ್ಥರು ವ್ಯವಸ್ಥೆಯನ್ನು ಒದಗಿಸುವವರು 'ಸಿದ್ಧವಾಗಿದೆ' ಎಂದು ಕೊಟ್ಟ ಭರವಸೆಯನ್ನು ಸಾಕಷ್ಟು ಕೆದಕಿ ನೋಡಲಿಲ್ಲವೆಂದು 2023ರಲ್ಲಿ ಅವರಿಗೂ ಪ್ರತ್ಯೇಕವಾಗಿ 81,620 ಪೌಂಡು ದಂಡವಾಯಿತು. ಒಂದು ಕಡೆ ಕೇಳದವರು, ಇನ್ನೊಂದು ಕಡೆ ಕೆದಕದವರು. ನಡುವೆ ಸಂಬಳದ ಹಣವನ್ನು ತೆಗೆಯಲಾರದೆ ಪರದಾಡಿದ ಬಡ ಗ್ರಾಹಕ.

ನಮ್ಮ ಸ್ವಂತ ಅನುಭವವೊಂದನ್ನೂ ಇಲ್ಲಿ ಹೇಳಬಹುದು. ಊರಿನ ಶಾಲೆಯಲ್ಲಿ ಕನ್ನಡದಲ್ಲೇ ಮ್ಯಾಟ್ರಿಕ್ ಮುಗಿಸಿ, ಕುಂದಾಪುರದ ಕಡೆಯಿಂದ ಈ ನಗರಕ್ಕೆ ಬಂದ ಹೊಸತರಲ್ಲಿ, ಅಧ್ಯಾಪಕ ವೃತ್ತಿಯನ್ನು ಹಿಡಿಯುವ ಮೊದಲು, ನಾವು ಒಂದು ಸಗಟು ವ್ಯಾಪಾರದ ಪೇಢಿಯಲ್ಲಿ ಎರಡು ವರ್ಷ ಗುಮಾಸ್ತಿಕೆ ಮಾಡಿದೆವು. ಗೋಡಂಬಿಯ ಡಬ್ಬಿಗಳ ವ್ಯಾಪಾರ. ಸೇಠರು ಗುಜರಾತಿನವರು. ಲೆಕ್ಕವನ್ನೆಲ್ಲ ಗಣಕಯಂತ್ರಕ್ಕೆ ಏರಿಸಲು ಪುಣೆಯ ಕಡೆಯ ಒಬ್ಬ ತರುಣನನ್ನು ನೇಮಿಸಿದ್ದರು. ಒಳ್ಳೆಯ ಬುದ್ಧಿವಂತ. ಅವನು ದಿನವೂ ಬೆಳಗ್ಗೆ ಶಿಲ್ಕು ಎಷ್ಟಿದೆಯೆಂದು ಒಂದು ಕಾಗದವನ್ನು ಸೇಠರ ಮೇಜಿನ ಮೇಲೆ ಇಡುತ್ತಿದ್ದನು. ಒಂದು ದಿನ ಕಾಗದದಲ್ಲಿ 400 ಡಬ್ಬಿ ಶಿಲ್ಕು ಎಂದಿತ್ತು. ಸೇಠರು 300 ಡಬ್ಬಿಗಳನ್ನು ದೂರವಾಣಿಯಲ್ಲೇ ಮಾರಿದರು. ಸಂಜೆ ಲಾರಿ ಬಂದು ನಿಂತಾಗ ಗೋದಾಮಿನ ಮುಕಾದಮನು, "ಕೊಡುವುದಕ್ಕೆ 150 ಮಾತ್ರ ಇದೆ" ಎಂದನು.

ಗದ್ದಲವೋ ಗದ್ದಲ. ಸೇಠರು, ಯಂತ್ರ ಸುಳ್ಳು ಹೇಳಿತೆಂದರು. ತರುಣನು, ಎಣಿಸಿ ನೋಡಿರಿ, 400 ಡಬ್ಬಿಗಳಿವೆ ಎಂದನು. ಎಣಿಸಿದರೆ ನಿಜವಾಗಿಯೂ 400 ಇದ್ದುವು! ಹಾಗಾದರೆ ಮುಕಾದಮನು ಹೇಳಿದ್ದು? ಸಾತಾರದ ಆ ಮುದುಕನು ಬಾಗಿಲ ಬಳಿ ಕುಳಿತು ಸಾವಧಾನವಾಗಿ ಬಿಡಿಸಿ ಹೇಳಿದನು. 400ರಲ್ಲಿ 250 ಡಬ್ಬಿಗಳಿಗೆ ಬಾಯಿಮಾತಿನ ಸೌದಾ ಆಗಿಹೋಗಿದೆ. ಬಿಲ್ಲು ಮಾತ್ರ ಆಗಿಲ್ಲ. ಅವು ಗೋದಾಮಿನಲ್ಲಿ ಇವೆ, ಆದರೆ ನಮ್ಮವಲ್ಲ. ಇನ್ನು 200 ಡಬ್ಬಿ ಮಂಗಳೂರಿನಿಂದ ಲಾರಿಯಲ್ಲಿ ಬರುತ್ತಿವೆ, ಬಿಲ್ಟಿ ಬಂದಿದೆ. ಅವು ನಮ್ಮವು, ಆದರೆ ಇಲ್ಲಿ ಇಲ್ಲ. ಶಿಲ್ಕು ಎಂಬ ಒಂದೇ ಮಾತಿನ ಹೊಟ್ಟೆಯೊಳಗೆ ಮೂರು ಅರ್ಥಗಳಿದ್ದುವು. ಮುಕಾದಮನು ಮರಾಠಿಯಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲಿ ಬರೆದುಕೊಂಡೆವು; ಸೇಠರಿಗೆ ಹಿಂದಿಯಲ್ಲಿ ಓದಿ ಹೇಳಿದೆವು; ತರುಣನು ಅದನ್ನು ಯಂತ್ರದ ಭಾಷೆಗೆ ಇಳಿಸಿದನು. ಮರುದಿನದಿಂದ ಕಾಗದದಲ್ಲಿ 'ಇರುವುದು', 'ಮಾತು ಕೊಟ್ಟದ್ದು', 'ಬರುವುದು' ಎಂದು ಮೂರು ಅಂಕಣಗಳಾದುವು.

ನಾವು ಕಂಡಂತೆ, ಆ ಪೇಢಿಯಲ್ಲಿ ಕೊರತೆ ಬುದ್ಧಿಯದಾಗಿರಲಿಲ್ಲ. ಒಂದೂವರೆ ವರ್ಷದಲ್ಲಿ ಸೇಠರು ಆ ತರುಣನನ್ನು ಕರೆದು ಅರ್ಧಗಂಟೆ ಕೂರಿಸಿಕೊಂಡದ್ದಿಲ್ಲ. ಅವನನ್ನು ಕರೆಯುತ್ತಿದ್ದುದು ಬೈಯುವುದಕ್ಕೆ ಮಾತ್ರ. ತರುಣನೂ ಅಷ್ಟೆ, ಗೋದಾಮು ಮೆಟ್ಟಿಲಿಳಿದರೆ ಇತ್ತು, ಇಳಿದು ನೋಡಿರಲಿಲ್ಲ. ಪರಸ್ಪರ ದೂರನ್ನು ಮಾತ್ರ ಇಬ್ಬರೂ ನಮ್ಮ ಬಳಿ ಪ್ರತ್ಯೇಕವಾಗಿ ಹೇಳಿಕೊಳ್ಳುತ್ತಿದ್ದರು. ಮುಂದಿನ ತಿಂಗಳೇ ತರುಣನು ಬೇರೆ ಕೆಲಸ ಹಿಡಿದು ಹೋದನು. ಸೇಠರು ತಡೆಯಲಿಲ್ಲ. ಮೂರು ಅಂಕಣಗಳು ಮಾತ್ರ ನಾವು ಆ ಕೆಲಸ ಬಿಡುವವರೆಗೂ ನಡೆದುವು.

ಹೀಗೆ ನೋಡಿದರೆ ಈ ಜೋಡಿಯ ಜಗಳದ ಬಹುಭಾಗವು ಭಾಷೆಯ ಜಗಳ. 'ಗ್ರಾಹಕ' ಎಂದರೆ ಮಾರುವ ವಿಭಾಗದವರಿಗೆ ಮುಂದೆ ಕೊಳ್ಳಬಹುದಾದವನೂ ಗ್ರಾಹಕನೇ; ಲೆಕ್ಕದವರಿಗೆ ಹಣ ಕೊಟ್ಟವನು ಮಾತ್ರ. 'ಮುಗಿಯಿತು' ಎಂದರೆ ಯಂತ್ರದವನಿಗೆ ಬರೆದು ಮುಗಿಯಿತು ಎಂದು. ಅಧಿಕಾರಿಗೆ ನಾಳೆಯಿಂದ ಬಳಸಬಹುದು ಎಂದು. ಶಬ್ದ ಒಂದೇ ಆದುದರಿಂದ ಅರ್ಥವೂ ಒಂದೇ ಎಂದು ಇಬ್ಬರೂ ನಂಬಿ ಕುಳಿತಿರುತ್ತಾರೆ. ಬೇರೆ ಬೇರೆ ಭಾಷೆಯವರಾಗಿದ್ದರೆ ಒಂದು ಎಚ್ಚರವಾದರೂ ಇರುತ್ತಿತ್ತು. ಹಾಗಾದರೆ ಮದ್ದೇನು? ಅಧಿಕಾರಿಯು ನಾಚದೆ ಕೇಳಬೇಕು; ಕೆಲಸ ಆರಂಭವಾಗುವ ಮೊದಲೇ ಮಾಹಿತಿಯವನನ್ನು ಕರೆದು ಕೂರಿಸಬೇಕು. ಮಾಹಿತಿಯವನು ಮೆಟ್ಟಿಲಿಳಿದು ಗೋದಾಮಿಗೆ ಹೋಗಬೇಕು. ಆಗದ್ದನ್ನು ಆಗದೆಂದು ಅಂಜದೆ ಹೇಳಬೇಕು. ಮುಕಾದಮನಂಥವರ ಮಾತಿಗೆ ಇಬ್ಬರೂ ಕಿವಿಗೊಡಬೇಕು.

ವಿದ್ಯಾರ್ಥಿಗಳೇ, ಇನ್ನೊಂದು ಮಾತು. ಪ್ರತಿವರ್ಷ ಜೂನ್ ತಿಂಗಳಲ್ಲಿ ಕೆಲವರು ಪಾಲಕರು ಬಂದು ಮಕ್ಕಳ ದಾಖಲೆಯನ್ನು ಬಿಡಿಸಿಕೊಂಡು ಹೋಗುತ್ತಾರೆ. "ಮಾಸ್ತರೇ, ಕನ್ನಡದಲ್ಲಿ ಓದಿದರೆ ಈ ಕಂಪ್ಯೂಟರಿನ ಕಾಲದಲ್ಲಿ ಗತಿಯೇನು?" ಎನ್ನುತ್ತಾರೆ. ಬೆಂಚುಗಳು ಬರಿದಾಗುತ್ತಿವೆ. ಅವರನ್ನು ನಾವು ಹಳಿಯುವುದಿಲ್ಲ. ಮಕ್ಕಳ ಹಿತವನ್ನು ಬಯಸುವವರೇ ಅವರು. ಇಂಗ್ಲಿಷನ್ನು ನೀವು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ನಾವು ಹೇಳಬಯಸುವುದು ಇಷ್ಟು. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು, ಹೀಗೆ ನಾಲ್ಕು ಮಾತುಗಳ ನಡುವೆ ಬೆಳೆಯುವ ಮಗು ನಮ್ಮದು. ತಾಯಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಕಿಟಕಿಯವರು ಹೇಳಿದ್ದನ್ನು ತಾಯಿಗೆ, ತಾಯಿ ಹೇಳಿದ್ದನ್ನು ಕಿಟಕಿಯವರಿಗೆ ತಿಳಿಸಿ ಬರುವ ಹುಡುಗಿಯರು ನಮ್ಮ ಏಳನೆಯ ತರಗತಿಯಲ್ಲೇ ಇದ್ದಾರೆ. "ಅವರು ಅಂದದ್ದು ಹಾಗಲ್ಲಮ್ಮ, ಹೀಗೆ" ಎಂದು ಆಕೆ ಹೇಳುವಾಗ ಮಾಡುತ್ತಿರುವ ಕೆಲಸವೇ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಅಧಿಕಾರಿಗೂ ಮಾಹಿತಿಯವನಿಗೂ ನಡುವೆ ನಡೆಯಬೇಕಾದ ಕೆಲಸ.

ಆ ವಿದ್ಯೆಗೆ ಪ್ರಮಾಣಪತ್ರವಿಲ್ಲ. ಆದುದರಿಂದ ಅದು ವಿದ್ಯೆಯೆಂದೇ ನಮ್ಮವರಿಗೆ ತೋರುವುದಿಲ್ಲ. ಗಣಿತವನ್ನು ಗಟ್ಟಿಮಾಡಿಕೊಳ್ಳಿರಿ, ಯಂತ್ರವನ್ನು ಅಂಜದೆ ಮುಟ್ಟಿರಿ, ಇಂಗ್ಲಿಷಿನಲ್ಲಿ ಹಿಂದೆ ಬೀಳಬೇಡಿರಿ. ಅದರೊಡನೆ ಈ ವಿದ್ಯೆಯನ್ನೂ ಕೈಬಿಡದಿರಿ. ಮುಂದೆ ನಿಮ್ಮಲ್ಲಿ ಯಾರಾದರೂ ಸಂಸ್ಥೆಯೊಂದರ ಹಿರಿಯ ಕುರ್ಚಿಯಲ್ಲಿ ಕುಳಿತಾಗ ಗಣಕದ ಕೋಣೆಯವರನ್ನು ಕೆಲಸದ ಮೊದಲ ದಿನವೇ ಕರೆಯಿರಿ. ಯಾರಾದರೂ ಗಣಕದ ಕೋಣೆಯಲ್ಲಿ ಕುಳಿತಾಗ ವಾರಕ್ಕೊಮ್ಮೆಯಾದರೂ ಗೋದಾಮಿಗೆ ಇಳಿಯಿರಿ. ಈ ವರ್ಷ ಹತ್ತನೆಯ ತರಗತಿಯನ್ನು ಮುಗಿಸಿ ನಮ್ಮ ಶಾಲೆಯಿಂದ ಹೊರಡುವ ಮಕ್ಕಳೆಲ್ಲರಿಗೂ ಶುಭವಾಗಲೆಂದು ಹಾರೈಸುತ್ತೇವೆ.